ಸಿಂಕಿಗೆ ಚೆಲ್ಲಿದ್ದು ಕೋಲಾರದ ಕೆರೆಗೆ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಬೈಕ್ ಸವಾರರ ಮೈಮೇಲೆ ಬಿದ್ದಾಗ, 2017ರ ಫೆಬ್ರುವರಿಯಲ್ಲಿ ಮತ್ತೆ 2018ರ ಜನವರಿಯಲ್ಲಿ ಅದೇ ಕೆರೆಯಂಗಳದಲ್ಲಿ ಬೆಂಕಿ ಹೊತ್ತಿಕೊಂಡಾಗ, ನಾವೆಲ್ಲರೂ ಜಲಮಂಡಳಿಯನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಬೈದೆವು. ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಕೆರೆಗೆ ಹರಿದು ಬಂದ ಕೊಳಚೆಯ ಬಹುಪಾಲು ಯಾವುದೋ ಕಾರ್ಖಾನೆಯದಲ್ಲ, ಮನೆಗಳ ಬಚ್ಚಲು, ಅಡುಗೆಮನೆ, ಶೌಚಾಲಯಗಳದು ಎಂಬ ಸಂಗತಿ ಆ ಗಲಾಟೆಯಲ್ಲಿ ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಅದರ ಬಗ್ಗೆಯೇ ಈ ಪತ್ರ.

ನಾನು ಕೋಲಾರ ಜಿಲ್ಲೆಯವನು. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಲೆ ವರ್ಷದಲ್ಲಿ ಅರ್ಧ ಊರಿನಲ್ಲಿ, ಅರ್ಧ ಬೆಂಗಳೂರಿನ ಮಗಳ ಮನೆಯಲ್ಲಿ ಇರುತ್ತೇನೆ. ಹೀಗಾಗಿ ಒಂದೇ ನೀರಿನ ಎರಡೂ ತುದಿಗಳನ್ನು ನೋಡುವ ಯೋಗ ನನ್ನದು. ಬೆಂಗಳೂರಿಗರಿಗೆ ಮೇಲಿನ ತುದಿ ಚೆನ್ನಾಗಿ ಗೊತ್ತು: ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಮೂರು ಹಂತಗಳಲ್ಲಿ ಪಂಪ್ ಮಾಡಿಸಿಕೊಂಡು ಕಾವೇರಿ ಬರುತ್ತಾಳೆ; 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾದಾಗ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಸೇರಿತು. ಕೆಳಗಿನ ತುದಿಯ ವಿಷಯಕ್ಕೆ ಬಂದರೆ, ನಲ್ಲಿಯಿಂದ ಬಂದ ನೀರಿನಲ್ಲಿ ಶೇ 80ರಷ್ಟು ಚರಂಡಿಗೆ ಹೋಗುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಸಿಂಕಿನ ಜಾಲರಿ ದಾಟಿದ ಮೇಲೆ ಅದು ಎತ್ತ ಹೋಯಿತು ಎಂದು ಕೇಳಿದರೆ ಹೆಚ್ಚಿನವರ ಉತ್ತರ ‘ಮೋರಿಗೆ’ ಎಂಬಲ್ಲಿಗೆ ಮುಗಿಯುತ್ತದೆ.

ಮೋರಿಯಿಂದ ಮುಂದಿನ ದಾರಿ ಹೀಗಿದೆ. ನಗರದ ಆಗ್ನೇಯ ಭಾಗದ ಕೊಳಚೆ ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಇಳಿಯುತ್ತದೆ. ಅಲ್ಲಿನ ಶುದ್ಧೀಕರಣ ಘಟಕಗಳಲ್ಲಿ ಎರಡು ಹಂತದ ಸಂಸ್ಕರಣೆಯಾದ (ಮೊದಲು ಗಟ್ಟಿ ಕೊಳೆಯನ್ನು ತಳಕ್ಕಿಳಿಸಿ, ಆಮೇಲೆ ಉಳಿದದ್ದನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿದ) ನೀರನ್ನು ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 126 ಕೆರೆಗಳಿಗೆ ಹರಿಸಲು ಸಣ್ಣ ನೀರಾವರಿ ಇಲಾಖೆ ಕೈಗೊಂಡದ್ದೇ ಕೆ.ಸಿ. ವ್ಯಾಲಿ ಯೋಜನೆ. ಅದರ ಉದ್ದೇಶಿತ ಪ್ರಮಾಣ ದಿನಕ್ಕೆ 440 ದಶಲಕ್ಷ ಲೀಟರ್. 2018ರ ಜೂನ್‌ನಲ್ಲಿ ನೀರು ಮೊದಲಿಗೆ ನರಸಾಪುರ ಕಡೆಯ ಲಕ್ಷ್ಮೀಸಾಗರ ಕೆರೆಗೆ ಬಂತು. ಹೆಬ್ಬಾಳ–ನಾಗವಾರ ಕಣಿವೆಯ ನೀರನ್ನು ಇದೇ ರೀತಿ ಚಿಕ್ಕಬಳ್ಳಾಪುರದ ಕಡೆಗೆ ಒಯ್ಯಲಾಗುತ್ತದೆ. ಪಶ್ಚಿಮದ ಕೊಳಚೆ ವೃಷಭಾವತಿ ಹಿಡಿದು ಬಿಡದಿ ಬಳಿಯ ಬೈರಮಂಗಲ ಕೆರೆ ಸೇರಿ, ಅರ್ಕಾವತಿಯ ಮೂಲಕ ಕೊನೆಗೆ ಸಂಗಮದಲ್ಲಿ ಕಾವೇರಿಗೇ ಕೂಡುತ್ತದೆ. ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಸೇರಿದ್ದು ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯಾಗಿ ಕಾಣಿಸಿಕೊಂಡು ತಮಿಳುನಾಡಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಬೆಂಗಳೂರಿನ ಯಾವ ಮನೆಯ ಸಿಂಕೂ ಯಾವುದೋ ಒಂದು ಹಳ್ಳಿಯ ಕೆರೆಯನ್ನು ಮುಟ್ಟದೆ ಇರುವುದಿಲ್ಲ.

ಕೋಲಾರಕ್ಕೆ ಇದರಿಂದ ಏನಾಯಿತು ಎಂಬುದರ ಬಗ್ಗೆ ನಮ್ಮೂರಿನಲ್ಲಿಯೇ ಎರಡು ಮಾತುಗಳಿವೆ, ಎರಡೂ ನಿಜ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಸಾವಿರ ಅಡಿ ಕೊರೆದರೂ ಬರೀ ದೂಳೇ ಏಳುತ್ತಿದ್ದ ಜಿಲ್ಲೆಯಲ್ಲಿ, ಯಾವಾಗಲೋ ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ತುಂಬಿದವು. ಅಕ್ಕಪಕ್ಕದ ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಬಂತು. ಬೆಂಗಳೂರಿಗೆ ಕೂಲಿಗೆ ಹೋಗಿದ್ದ ಕೆಲವರು ಮರಳಿ ಬಂದು ಟೊಮೆಟೊ ಹಾಕಿದರು. ಇದನ್ನು ಅಲ್ಲಗಳೆಯುವವನು ಕೋಲಾರದವನೇ ಅಲ್ಲ. ಇನ್ನೊಂದೆಡೆ, ನೀರು ಬಂದ ಮರುತಿಂಗಳೇ, ಅಂದರೆ 2018ರ ಜುಲೈಯಲ್ಲಿ, ಲಕ್ಷ್ಮೀಸಾಗರ ಕೆರೆಯಲ್ಲಿ ಬೆಳ್ಳಂದೂರಿನಲ್ಲಿ ಕಂಡಂಥದೇ ಬಿಳಿ ನೊರೆ ಎದ್ದಿತು. ವಿಷಯ ಹೈಕೋರ್ಟಿಗೆ ಹೋಗಿ ನೀರು ಹರಿಸುವುದಕ್ಕೆ ಸ್ವಲ್ಪ ಕಾಲ ತಡೆಯೂ ಬಂತು. ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಅಂದಿನಿಂದಲೂ ಮೂರನೇ ಹಂತದ ಶುದ್ಧೀಕರಣಕ್ಕೆ, ಅಂದರೆ ಮೊದಲೆರಡು ಹಂತಗಳಲ್ಲಿ ಹೋಗದೆ ಉಳಿದದ್ದನ್ನೂ ಶೋಧಿಸುವುದಕ್ಕೆ, ಒತ್ತಾಯಿಸುತ್ತಲೇ ಇದ್ದಾರೆ. ಈ ನೀರು ನೇರವಾಗಿ ಕುಡಿಯುವುದಕ್ಕೂ ಅಲ್ಲ, ಬೆಳೆಗೆ ಹಾಯಿಸುವುದಕ್ಕೂ ಅಲ್ಲ; ಕೆರೆಯಲ್ಲಿ ನಿಂತು ನೆಲಕ್ಕೆ ಇಂಗಲಿ ಎಂಬುದು ಯೋಜನೆಯ ಆಶಯ. ಆದರೆ ಇಂಗಿದ ನೀರನ್ನೇ ಕೊಳವೆಬಾವಿ ಎತ್ತುತ್ತದೆ, ಅದನ್ನೇ ಹಸು ಕುಡಿಯುತ್ತದೆ, ಅದರಿಂದಲೇ ಟೊಮೆಟೊ ಬೆಳೆಯುತ್ತದೆ, ಆ ಟೊಮೆಟೊ ರಾತ್ರಿಯ ಲಾರಿ ಹತ್ತಿ ಬೆಳಗಾಗುವುದರೊಳಗೆ ಬೆಂಗಳೂರಿನ ಅಡುಗೆಮನೆಗೇ ಹಿಂದಿರುಗುತ್ತದೆ.

ಇನ್ನು ನೊರೆಯ ರಸಾಯನಶಾಸ್ತ್ರ. ಬಟ್ಟೆ ಸೋಪಿನ ಪುಡಿಯಲ್ಲಿ ಕೊಳೆಯನ್ನು ಬಿಡಿಸುವ ಮುಖ್ಯ ವಸ್ತುವಿಗೆ ಸರ್ಫ್ಯಾಕ್ಟೆಂಟ್ ಎಂದು ಹೆಸರು. ಎರಡನೇ ಮಹಾಯುದ್ಧದ ನಂತರ ಬಳಕೆಗೆ ಬಂದ ಮೊದಲ ತಲೆಮಾರಿನ ಸರ್ಫ್ಯಾಕ್ಟೆಂಟ್‌ಗಳನ್ನು ಬ್ಯಾಕ್ಟೀರಿಯಾಗಳಿಗೆ ಜೀರ್ಣಿಸಿಕೊಳ್ಳಲು ಆಗುತ್ತಿರಲಿಲ್ಲ. ಅಮೆರಿಕ ಮತ್ತು ಯುರೋಪಿನ ನದಿಗಳಲ್ಲಿ ನೊರೆಯ ಗುಡ್ಡೆಗಳು ಎದ್ದ ಮೇಲೆ 1960ರ ದಶಕದಲ್ಲಿ ಅಲ್ಲಿನ ತಯಾರಕರು ಸುಲಭವಾಗಿ ಕೊಳೆಯುವ ಬೇರೆ ಬಗೆಗೆ ಬದಲಾಯಿಸಿಕೊಂಡರು. ಇಂದು ನಾವು ಬಳಸುವುದೂ ಹೆಚ್ಚಾಗಿ ಆ ಕೊಳೆಯುವ ಬಗೆಯನ್ನೇ. ಆದರೆ ಅದು ಕೊಳೆಯಬೇಕಾದರೆ ಆಮ್ಲಜನಕ ಬೇಕು. ಶುದ್ಧೀಕರಣ ಘಟಕದ ತೊಟ್ಟಿಯಲ್ಲಿ ಗಾಳಿ ಊದುವುದರಿಂದ ಅದರ ಬಹುಭಾಗ ಅಲ್ಲಿಯೇ ಕೊಳೆತುಹೋಗುತ್ತದೆ. ಘಟಕವನ್ನು ತಲುಪದೆ ರಾಜಕಾಲುವೆಯಲ್ಲಿ ಹಾಗೆಯೇ ಹರಿದು ಬಂದದ್ದು, ಆಮ್ಲಜನಕವೇ ಇಲ್ಲದ ಕೆರೆಯ ತಳದ ಹೂಳಿಗೆ ಅಂಟಿ ಕೂರುತ್ತದೆ. ಜೋರು ಮಳೆ ಬಂದು ಹೂಳು ಕಲಕಿ, ನೀರು ಕೋಡಿಯಿಂದ ಧುಮುಕಿದಾಗ ಅದೆಲ್ಲ ಒಮ್ಮೆಗೇ ನೊರೆಯಾಗಿ ಏಳುತ್ತದೆ. ಬೇಸಿಗೆಯಲ್ಲಿ ತೆಪ್ಪಗಿದ್ದ ಕೆರೆ ಮುಂಗಾರಿನಲ್ಲಿ ಉಕ್ಕುವುದಕ್ಕೆ ಕಾರಣ ಇದು.

ಕೆಲವು ಪುಡಿಗಳಲ್ಲಿರುವ ಫಾಸ್ಫೇಟ್‌ನದು ಬೇರೆಯೇ ಕಥೆ. ಅದು ಸಾಮಾನ್ಯ ಎರಡು ಹಂತದ ಸಂಸ್ಕರಣೆಯಲ್ಲಿ ಪೂರ್ತಿ ಹೋಗುವುದಿಲ್ಲ, ಕೆರೆಯಲ್ಲಿ ಪಾಚಿಗೂ ಕತ್ತೆಕಿವಿ ಗಿಡಕ್ಕೂ ಗೊಬ್ಬರವಾಗುತ್ತದೆ. ಸ್ವಿಟ್ಜರ್ಲೆಂಡ್ ತನ್ನ ಸರೋವರಗಳನ್ನು ಉಳಿಸಿಕೊಳ್ಳಲು 1986ರಲ್ಲಿಯೇ ಬಟ್ಟೆ ಪುಡಿಯಲ್ಲಿ ಫಾಸ್ಫೇಟ್ ನಿಷೇಧಿಸಿತು. ಐರೋಪ್ಯ ಒಕ್ಕೂಟ 2013ರಿಂದ ಅದಕ್ಕೆ ಬಿಗಿಯಾದ ಮಿತಿ ಹಾಕಿದೆ. ನಮ್ಮಲ್ಲಿ ಎಷ್ಟೋ ಪೊಟ್ಟಣಗಳ ಮೇಲೆ ನಿಂಬೆಹಣ್ಣು, ಮಲ್ಲಿಗೆ, ಗುಲಾಬಿಯ ಚಿತ್ರಗಳು ಧಾರಾಳವಾಗಿವೆ, ಒಳಗೇನಿದೆ ಎಂಬ ಪೂರ್ತಿ ಪಟ್ಟಿ ಮಾತ್ರ ಕಾಣುವುದಿಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಮೊದಲನೆಯದಾಗಿ, ಪುಡಿ ಕಡಿಮೆ ಹಾಕಬಹುದು. ಇದು ಕೇಳುವುದಕ್ಕೆ ತೀರಾ ಸಣ್ಣದಾಗಿ ಕಾಣುತ್ತದೆಂದು ಗೊತ್ತು. ಆದರೆ ನೊರೆ ಬಂದಷ್ಟೂ ಕೊಳೆ ಹೋಗುತ್ತದೆ ಎಂಬ ನಂಬಿಕೆಯನ್ನು ಟಿ.ವಿ. ಜಾಹೀರಾತುಗಳು ಎರಡು ಮೂರು ತಲೆಮಾರುಗಳಿಂದ ನಮ್ಮ ತಲೆಗೆ ತುಂಬಿವೆ, ಮತ್ತು ಅದು ಸುಳ್ಳು. ಮುಂದಿನಿಂದ ಬಾಗಿಲು ತೆರೆಯುವ ವಾಷಿಂಗ್ ಮಷಿನ್‌ಗೆ ಮಾಡುವ ಪುಡಿಯಲ್ಲಿ ಬೇಕೆಂದೇ ನೊರೆ ಕಡಿಮೆ ಇಟ್ಟಿರುತ್ತಾರೆ, ಆ ಬಟ್ಟೆಗಳೇನು ಕೊಳಕಾಗಿ ಹೊರಬರುವುದಿಲ್ಲ. ಬಟ್ಟೆಯನ್ನು ಕೊನೆಯ ಬಾರಿ ಜಾಲಿಸುವಾಗಲೂ ಬಕೆಟ್ಟಿನಲ್ಲಿ ನೊರೆ ನಿಂತಿದ್ದರೆ ಪುಡಿ ಹೆಚ್ಚಾಯಿತೆಂದೇ ಅರ್ಥ. ಮುಂದಿನ ಸಲ ಇಳಿಸಿ, ಬಟ್ಟೆಯ ಬಣ್ಣ ಮಾಸಿದಂತೆ ಕಂಡರೆ ಮಾತ್ರ ಮತ್ತೆ ಏರಿಸಿದರಾಯಿತು. ಮಗಳ ಮನೆಯಲ್ಲಿ ಹೀಗೆ ಇಳಿಸುತ್ತ ಹೋಗಿ ಈಗ ಮೊದಲು ಹಾಕುತ್ತಿದ್ದುದರ ಅರ್ಧಕ್ಕೆ ನಿಂತಿದೆ. ಕಾಲರಿಗೂ ಕೈತುದಿಗೂ ಸ್ವಲ್ಪ ಬಿಲ್ಲೆ ಸೋಪು ತಿಕ್ಕಿ ನೆನೆಸಿಡುವ ಹಳೆಯ ಕ್ರಮದಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಇದರ ಲಾಭ ಕೆರೆಗೆ ಮಾತ್ರ ಎಂದುಕೊಳ್ಳಬಾರದು. ಸರಿಯಾಗಿ ಜಾಲಿಸಿ ಹೋಗದ ಪುಡಿ ಬಟ್ಟೆಯಲ್ಲಿಯೇ ಉಳಿದು ಎಳೆ ಮಕ್ಕಳ ಚರ್ಮಕ್ಕೆ, ಮೊದಲೇ ಕಜ್ಜಿ ಇರುವವರ ಮೈಗೆ ತುರಿಕೆ ತರುತ್ತದೆ. ಅದಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ನಮ್ಮ ಮನೆಗಳಲ್ಲಿ ಪಾತ್ರೆ, ಬಟ್ಟೆ ತೊಳೆಯುವ ಹೆಂಗಸರ ಕೈಗಳನ್ನು. ಮಗಳ ಮನೆಗೆ ಬರುವ ಕೆಲಸದಾಕೆಯ ಬೆರಳ ಸಂದಿಗಳು ಬಿಳಿಚಿ, ಉಗುರಿನ ಬುಡ ಬಾತು, ಚಳಿಗಾಲದಲ್ಲಿ ಅಂಗೈ ಗೆರೆಗಳ ಉದ್ದಕ್ಕೂ ಬಿರಿದು ರಕ್ತ ಜಿನುಗುವುದನ್ನು ನೋಡಿದ್ದೇನೆ. ಮೆಣಸಿನಕಾಯಿ ಅರೆಯುವಾಗ ಉರಿಯುತ್ತದೆ ಸಾರ್ ಎಂದು ಆಕೆ ನಗುತ್ತಲೇ ಹೇಳುತ್ತಾಳೆ. ದಿನಕ್ಕೆ ಐದಾರು ಮನೆಗಳ ಪುಡಿಯಲ್ಲಿ ಕೈ ಅದ್ದುವವರಿಗೆ ಒಂದೊಂದು ಮನೆಯವರು ಒಂದು ಚಮಚ ಕಡಿಮೆ ಮಾಡಿ, ಒಂದು ಜೊತೆ ರಬ್ಬರ್ ಕೈಗವಸು ತಂದಿಟ್ಟರೆ ಆಗುವ ವ್ಯತ್ಯಾಸವನ್ನು ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ.

ಇಲ್ಲಿ ಅಂಟುವಾಳ, ಸೀಗೆಕಾಯಿಯ ಮಾತು ಬಂದೇ ಬರುತ್ತದೆ. ಎಲ್ಲರೂ ಹಳೆಯ ಕಾಲಕ್ಕೆ ಮರಳಿದರೆ ಸಮಸ್ಯೆ ತೀರಿತು ಎನ್ನುವವರ ಉತ್ಸಾಹಕ್ಕೆ ತಣ್ಣೀರೆರಚಲು ನನಗಿಷ್ಟವಿಲ್ಲ. ರೇಷ್ಮೆ ಸೀರೆಗೆ, ಉಣ್ಣೆಗೆ, ಚಿನ್ನ ತೊಳೆಯಲು ಅಂಟುವಾಳದಷ್ಟು ಮೃದುವಾದದ್ದು ಬೇರೊಂದಿಲ್ಲ. ಆದರೆ ಅದರ ನೊರೆಗೆ ಕಾರಣವಾದ ಸ್ಯಾಪೋನಿನ್ ಮೀನಿಗೆ ವಿಷವೇ. ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ಭ್ರಮೆ ಬೇಡ. ಯಾವುದನ್ನೇ ಹಾಕಿದರೂ ಹಿತಮಿತವಾಗಿರಬೇಕು.

ಪುಡಿ ಹೆಚ್ಚು ಖರ್ಚಾಗುವುದಕ್ಕೆ ಇನ್ನೊಂದು ಕಾರಣ ಕೊಳವೆಬಾವಿಯ ಗಡಸು ನೀರು. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆಯುವುದಿಲ್ಲ ಎಂದು ನಮ್ಮ ತಾಯಂದಿರು ಹೇಳುತ್ತಿದ್ದುದು ಅಕ್ಷರಶಃ ಸರಿ: ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲು ಸೋಪನ್ನು ಹಿಡಿದುಹಾಕುತ್ತವೆ, ಅದಾದ ಮೇಲೆ ಉಳಿದದ್ದಷ್ಟೇ ಕೊಳೆಗೆ ಸಿಗುತ್ತದೆ. ಮಳೆನೀರಿನಲ್ಲಿ ಇವೆರಡೂ ಇಲ್ಲವೆಂದರೂ ಸರಿಯೇ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಸುಮಾರು 970 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ ಸಾವಿರ ಚದರಡಿಯ ತಾರಸಿಯ ಮೇಲೆ 90 ಸಾವಿರ ಲೀಟರ್ ನೀರು ಸುರಿಯುತ್ತದೆ. ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವೆಂದು 2009ರಲ್ಲಿಯೇ ಕಾನೂನು ಬಂದಿದೆ. ಆದರೆ ಹಲವರು ದಂಡ ತಪ್ಪಿಸಿಕೊಳ್ಳಲು ಒಂದು ಗುಂಡಿ ತೆಗೆಸಿ ಕೈತೊಳೆದುಕೊಂಡಿದ್ದಾರೆ. ಮೊದಲ ಮಳೆಯ ದೂಳನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಒಂದು ಡ್ರಮ್ಮಿನಲ್ಲೋ ಸಂಪಿನಲ್ಲೋ ಹಿಡಿದು ಅದರಲ್ಲಿಯೇ ಬಟ್ಟೆ ನೆನೆಸಿದರೆ ಪುಡಿಯೂ ಉಳಿಯುತ್ತದೆ, ಟ್ಯಾಂಕರಿನ ದುಡ್ಡೂ ಉಳಿಯುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಎರಡನೆಯದರ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ಬಚ್ಚಲಿನಿಂದ ಅಡುಗೆಮನೆಗೆ ಬಂದರೆ ವಿಷಯ ಇನ್ನೂ ಗಂಭೀರವಾಗುತ್ತದೆ. ಮಗಳ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅವರದೇ ಎಸ್‌ಟಿಪಿ (ಕೊಳಚೆ ನೀರಿನ ಶುದ್ಧೀಕರಣ ಘಟಕ) ಇದೆ. ಅದನ್ನು ನೋಡಿಕೊಳ್ಳುವ ರಾಯಚೂರು ಕಡೆಯ ಹುಡುಗ ಒಂದು ಬೆಳಿಗ್ಗೆ ನನಗೆ ತನ್ನ ಪರೀಕ್ಷೆಯನ್ನು ತೋರಿಸಿದ. ಗಾಳಿ ಊದುವ ತೊಟ್ಟಿಯಿಂದ ಕಂದು ಬಣ್ಣದ ನೀರನ್ನು ಒಂದು ಲೀಟರ್ ಗಾಜಿನ ಅಳತೆ ಜಾಡಿಗೆ ತುಂಬಿ ಅರ್ಧ ಗಂಟೆ ಇಟ್ಟ. ಬ್ಯಾಕ್ಟೀರಿಯಾದ ಗಸಿ ನಿಧಾನವಾಗಿ ಕೆಳಗಿಳಿದು ಮೇಲೆ ತಿಳಿ ನಿಂತರೆ ಘಟಕ ಆರೋಗ್ಯವಾಗಿದೆ ಎಂದರ್ಥ. ಅವತ್ತು ಗಸಿ ಇಳಿಯಲೇ ಇಲ್ಲ. ಮೇಲ್ಭಾಗದಲ್ಲಿ ಹಳದಿ ಜಿಡ್ಡಿನ ಉಂಗುರ, ಅದರ ಮೇಲೆ ಬೂದುಬಣ್ಣದ ನೊರೆ. ‘ನಿನ್ನೆ ಹಬ್ಬ ಅಲ್ರೀ, ಎಲ್ಲಾ ಮನ್ಯಾಗ ಎಣ್ಣಿ ಕರ್ದಾರ’ ಎಂದ. ಇಡೀ ಅಪಾರ್ಟ್‌ಮೆಂಟ್ ಹಬ್ಬದಲ್ಲಿ ಏನು ತಿಂದಿತು, ಏನು ಚೆಲ್ಲಿತು ಎಂಬುದರ ಲೆಕ್ಕ ಆ ಹುಡುಗನ ಜಾಡಿಯಲ್ಲಿತ್ತು.

ಇದರ ಹಿಂದಿನ ಲೆಕ್ಕವನ್ನು ಪಿಯುಸಿ ಮಕ್ಕಳಿಗೆ ಹೇಳುತ್ತಿದ್ದಂತೆಯೇ ಹೇಳುತ್ತೇನೆ. ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬುದೇ ಆ ಕೊಳೆಯ ಅಳತೆ. ಮಾಮೂಲಿ ಮನೆಯ ಚರಂಡಿ ನೀರಿಗೆ ಪ್ರತಿ ಲೀಟರಿಗೆ 200ರಿಂದ 300 ಮಿಲಿಗ್ರಾಂ ಸಾಕು. ಹಾಲಿಗೆ ಅದು ಸುಮಾರು ಒಂದು ಲಕ್ಷ ಮಿಲಿಗ್ರಾಂ. ಅಂದರೆ ಒಡೆದುಹೋದ ಒಂದು ಲೀಟರ್ ಹಾಲನ್ನು ಸಿಂಕಿಗೆ ಸುರಿದರೆ, ಮುನ್ನೂರು ನಾನೂರು ಲೀಟರ್ ಚರಂಡಿ ನೀರು ಹೊರಿಸುವಷ್ಟು ಭಾರವನ್ನು ಘಟಕದ ಮೇಲೆ ಹೊರಿಸಿದಂತಾಯಿತು. ಹುಳಿ ಹೆಚ್ಚಾದ ದೋಸೆ ಹಿಟ್ಟು, ಹಳಸಿದ ಸಾಂಬಾರು, ಅನ್ನದ ಗಂಜಿ ಇವುಗಳಿಗೂ ಇದೇ ನ್ಯಾಯ. ಆ ಆಮ್ಲಜನಕವನ್ನು ಒದಗಿಸುವ ಬ್ಲೋವರ್‌ಗಳು ವಿದ್ಯುತ್ತಿನಿಂದ ಓಡುತ್ತವೆ, ಆ ವಿದ್ಯುತ್ತಿನ ಬಿಲ್ಲು ತಿಂಗಳ ಮೇಂಟೆನೆನ್ಸ್ ಶುಲ್ಕದಲ್ಲಿ ನಮ್ಮ ಮನೆಗೇ ಬರುತ್ತದೆ. ಉಳಿದ ಹಿಟ್ಟನ್ನೂ ಪಲ್ಯವನ್ನೂ ಹಸಿಕಸದ ಬುಟ್ಟಿಗೆ ಹಾಕಿದರೆ ಗೊಬ್ಬರವಾಗುತ್ತದೆ; ಹುಳಿ ಮಜ್ಜಿಗೆಯನ್ನು ನೀರು ಬೆರೆಸಿ ಕರಿಬೇವಿನ ಬುಡಕ್ಕೆ ಹಾಕುವುದನ್ನು ಯಾವ ಅಜ್ಜಿಯೂ ಹೇಳಿಕೊಡದೆ ಬಿಟ್ಟಿಲ್ಲ.

ಎಣ್ಣೆಯದು ಮಾತ್ರ ಬೇರೆಯೇ ತರದ ಅಪಾಯ. ಬಾಣಲೆಯಲ್ಲಿ ಬಿಸಿಯಾಗಿ ದ್ರವವಾಗಿದ್ದ ಜಿಡ್ಡು ಕೊಳವೆಯಲ್ಲಿ ತಣ್ಣಗಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಕಾಫಿ ಗಸಿ, ಕೂದಲು, ಶೌಚಾಲಯಕ್ಕೆ ಹಾಕಿದ ವೆಟ್ ವೈಪ್ಸ್ ಸಿಕ್ಕಿಕೊಂಡು ಒಂದು ದಿನ ಯುಜಿಡಿ (ಒಳಚರಂಡಿ) ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡದ್ದನ್ನು ಬಿಡಿಸಲು ಜೆಟ್ಟಿಂಗ್ ಯಂತ್ರ ಬರಬೇಕು ಎಂಬುದು ನಿಯಮ. ಯಂತ್ರ ಬರುವ ತನಕ ಕಾಯುವ ತಾಳ್ಮೆ ಇಲ್ಲದ ಬೀದಿಗಳಲ್ಲಿ ಏನಾಗುತ್ತದೆಂಬುದು ನಮಗೆಲ್ಲ ಗೊತ್ತು. ಸುರಕ್ಷತಾ ಸಲಕರಣೆಗಳಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು, 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಈ ಪದ್ಧತಿ ಪೂರ್ತಿ ನಿಲ್ಲಬೇಕೆಂದು ಆದೇಶಿಸಿತು. ಹೀಗೆ ಮತ್ತೆ ಮತ್ತೆ ಆದೇಶಿಸಬೇಕಾಗಿ ಬಂದಿರುವುದೇ ಪರಿಸ್ಥಿತಿ ಏನೆಂಬುದನ್ನು ಹೇಳುತ್ತದೆ. ಆ ದುಡಿಮೆಗಾರ ಇಳಿಯುವ ಗುಂಡಿಯಲ್ಲಿ ಕಟ್ಟಿಕೊಂಡಿರುವ ಜಿಡ್ಡು ನಮ್ಮ ಮನೆಯ ಹಪ್ಪಳ ಕರಿದ ಎಣ್ಣೆಯೂ ಇರಬಹುದು.

ತಡೆಯುವುದು ಕಷ್ಟವಲ್ಲ. ತೊಳೆಯುವ ಮೊದಲು ಬಾಣಲೆಯನ್ನೂ ಜಿಡ್ಡಿನ ತಟ್ಟೆಯನ್ನೂ ಹಳೆಯ ಪತ್ರಿಕೆಯ ಚೂರಿನಿಂದ ಒರೆಸಿ (ಈ ಪತ್ರ ಅಚ್ಚಾದ ಪುಟವೇ ಆದರೂ ನನ್ನ ಅಭ್ಯಂತರವಿಲ್ಲ) ಹಸಿಕಸಕ್ಕೆ ಹಾಕಿದರೆ, ಪಾತ್ರೆಗೆ ಬೇಕಾಗುವ ಸೋಪೂ ನೀರೂ ಎರಡೂ ತಗ್ಗುತ್ತವೆ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಆರೋಗ್ಯಕ್ಕೆ ಕೆಟ್ಟದ್ದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2018ರಲ್ಲಿ ಅದಕ್ಕೆ ಮಿತಿ ಹಾಕಿ, ಹಾಗೆ ಉಳಿದದ್ದನ್ನು ಜೈವಿಕ ಡೀಸೆಲ್ ಮಾಡುವವರಿಗೆ ಕೊಡುವ ವ್ಯವಸ್ಥೆಯನ್ನು ಆರಂಭಿಸಿದೆ. ಅದು ಹೆಚ್ಚಾಗಿ ಹೋಟೆಲುಗಳಿಗೆ ಅನ್ವಯ. ಆದರೆ ನೂರಾರು ಮನೆಗಳಿರುವ ಅಪಾರ್ಟ್‌ಮೆಂಟುಗಳು ನೆಲಮಾಳಿಗೆಯಲ್ಲಿ ಒಂದು ಕ್ಯಾನ್ ಇಟ್ಟು ಎಣ್ಣೆ ಕೂಡಿಸಿ ಕೊಡಲು ಏನೂ ಅಡ್ಡಿಯಿಲ್ಲ. ಇವೆಲ್ಲಕ್ಕಿಂತ ಸುಲಭವಾದದ್ದು, ಬಾಣಲೆಗೆ ಮೊದಲೇ ಅಳೆದು ಎಣ್ಣೆ ಹಾಕುವುದು.

ಶೌಚಾಲಯ ತೊಳೆಯುವ ಆ್ಯಸಿಡ್ ಮತ್ತು ಬ್ಲೀಚ್ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇವೆರಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಹೆಚ್ಚು ಬಿಳುಪಾಗಲಿ ಎಂದು ಎರಡನ್ನೂ ಬೆರೆಸುವವರು ಓದಿದವರಲ್ಲಿಯೂ ಇದ್ದಾರೆ, ಆದ್ದರಿಂದ ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಬೇರೆ ಬೇರೆಯಾಗಿ ಸುರಿದರೂ, ಸೆಪ್ಟಿಕ್ ಟ್ಯಾಂಕಿನಲ್ಲಿ ಅಥವಾ ಎಸ್‌ಟಿಪಿಯಲ್ಲಿ ನಮಗಾಗಿ ದುಡಿಯುವ ಬ್ಯಾಕ್ಟೀರಿಯಾಗಳನ್ನು ಅವು ಕೊಲ್ಲುತ್ತವೆ. ವಾರಕ್ಕೊಮ್ಮೆ ಸ್ವಲ್ಪ ಹಾಕಿ, ಉಳಿದ ದಿನ ಬ್ರಶ್ಶಿನಿಂದ ಉಜ್ಜಿದರೆ ಸಾಕು.

ಔಷಧಗಳದು ಕಣ್ಣಿಗೆ ಕಾಣದ ವಿಷಯ. ಜ್ವರ ಇಳಿದ ಮೇಲೆ ಉಳಿದ ಆ್ಯಂಟಿಬಯಾಟಿಕ್ ಮಾತ್ರೆಗಳನ್ನು, ಅವಧಿ ಮೀರಿದ ಸಿರಪ್ಪನ್ನು ಕಮೋಡಿಗೆ ಹಾಕಿ ಫ್ಲಶ್ ಮಾಡುವುದು ಸುರಕ್ಷಿತ ಎಂದು ಬಹಳ ಮನೆಗಳಲ್ಲಿ ತಿಳಿದಿದ್ದಾರೆ. ಎರಡು ಹಂತದ ಸಂಸ್ಕರಣೆ ಇಂಥವನ್ನು ಹಿಡಿದು ನಿಲ್ಲಿಸುವುದಕ್ಕಾಗಿ ರೂಪಿಸಿದ್ದಲ್ಲ. ನೀರಿನಲ್ಲಿ ಸಣ್ಣ ಪ್ರಮಾಣದಲ್ಲಿ ಉಳಿದ ಆ್ಯಂಟಿಬಯಾಟಿಕ್ ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆಯಲು ಅನುವು ಮಾಡಿಕೊಡುತ್ತದೆ, ಅಂಥ ರೋಗಾಣು ಕೋಲಾರದವರು ಬೆಂಗಳೂರಿನವರು ಎಂದು ನೋಡಿ ಹಿಡಿಯುವುದಿಲ್ಲ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಫ್ಲಶ್ ಮಾಡಬಹುದೆಂದು ಹೇಳಿರುವುದು ದುರ್ಬಳಕೆಯಾದರೆ ಪ್ರಾಣಕ್ಕೇ ಎರವಾಗುವ 17 ಔಷಧಗಳನ್ನು ಮಾತ್ರ. ಅವು ಹೆಚ್ಚಾಗಿ ತೀವ್ರ ನೋವಿಗೆ ಕೊಡುವ ಮಾದಕ ಗುಣದವು. ಉಳಿದವು ಚರಂಡಿಗೆ ಹೋಗಬಾರದು. ಕೇರಳ ಸರ್ಕಾರ ಮನೆಗಳಲ್ಲಿ ಉಳಿದ ಔಷಧಗಳನ್ನು ಸಂಗ್ರಹಿಸುವ ಕಾರ್ಯಕ್ರಮವನ್ನು 2025ರಲ್ಲಿ ಆರಂಭಿಸಿದೆ. ನಮ್ಮಲ್ಲಿ ಅಂಥದು ಬರುವ ತನಕ ಅವನ್ನು ಬೇರೆಯಾಗಿ ಕಟ್ಟಿ ಅಪಾಯಕಾರಿ ಕಸವೆಂದು ಕೊಡುವುದೊಂದೇ ದಾರಿ. ವೈದ್ಯರು ಬರೆದುಕೊಟ್ಟಷ್ಟೇ ಮಾತ್ರೆ ಕೊಂಡು, ಹೇಳಿದಷ್ಟು ದಿನವೂ ತೆಗೆದುಕೊಂಡರೆ ಚೆಲ್ಲುವ ಪ್ರಶ್ನೆಯೇ ಅಷ್ಟಾಗಿ ಏಳುವುದಿಲ್ಲ.

ಇದನ್ನೆಲ್ಲ ಓದಿದ ಕೋಲಾರದ ಹೋರಾಟಗಾರ ಮಿತ್ರರು ನನ್ನ ಮೇಲೆ ಸಿಟ್ಟಾಗಬಹುದು. ಸರ್ಕಾರ ಮಾಡಬೇಕಾದ ಕೆಲಸವನ್ನು ಗೃಹಿಣಿಯರ ತಲೆಗೆ ಕಟ್ಟಿ, ಮೂರನೇ ಹಂತದ ಶುದ್ಧೀಕರಣದ ಬೇಡಿಕೆಯನ್ನು ಸಡಿಲಗೊಳಿಸುತ್ತಿದ್ದೀಯಾ ಎಂದು ಅವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ರಾಜಕಾಲುವೆಯಲ್ಲಿ ಶುದ್ಧೀಕರಣವಿಲ್ಲದೆ ಹರಿಯುವ ಕೊಳಚೆಯನ್ನು ಯಾವ ಮನೆಯ ಮಿತವ್ಯಯವೂ ನಿಲ್ಲಿಸಲಾರದು; ಅದನ್ನು ಕೊಳವೆಗೆ ಸೇರಿಸುವುದು ಜಲಮಂಡಳಿಯ ಕರ್ತವ್ಯ, ಕೆರೆಗೆ ಬಿಡುವ ಮುನ್ನ ಮೂರನೇ ಹಂತದಲ್ಲಿ ಶೋಧಿಸುವುದು ಸರ್ಕಾರದ ಕರ್ತವ್ಯ, ಕಾರ್ಖಾನೆಗಳ ತ್ಯಾಜ್ಯ ಇದರಲ್ಲಿ ಬೆರೆಯದಂತೆ ಕಾಯುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕರ್ತವ್ಯ. ಈ ಮೂರರಲ್ಲಿ ಒಂದನ್ನೂ ನಾನು ಬಿಟ್ಟುಕೊಡುತ್ತಿಲ್ಲ. ಆದರೆ ಕೊಳಚೆಯಲ್ಲಿ ಎಣ್ಣೆ, ಫಾಸ್ಫೇಟ್, ಆ್ಯಸಿಡ್ ಕಡಿಮೆಯಿದ್ದಷ್ಟೂ ಆ ಘಟಕಗಳು ಹೆಚ್ಚು ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಕೆಲಸ ಮಾಡುತ್ತವೆ. ಇನ್ನೂ ಒಂದು ಮಾತಿದೆ: ಮೂರನೇ ಹಂತಕ್ಕೆ ಹಣವಿಲ್ಲ ಎಂದು ಅಧಿಕಾರಿಗಳು ಹೇಳಿದಾಗ ಕೋಲಾರದ ರೈತನ ಜೊತೆ ಬೆಂಗಳೂರಿನ ತೆರಿಗೆದಾರನೂ ದನಿಯೆತ್ತಬೇಕಾದರೆ, ಆ ನೀರು ತನ್ನ ಮನೆಯಿಂದಲೇ ಹೋದದ್ದೆಂಬುದು ಮೊದಲು ಅವನಿಗೆ ಗೊತ್ತಿರಬೇಕು.

ಗೃಹಿಣಿಯರ ತಲೆಗೆ ಎಂಬ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಮೇಲೆ ಹೇಳಿದ ಯಾವ ಕೆಲಸಕ್ಕೂ ಹೆಂಗಸೇ ಬೇಕೆಂದಿಲ್ಲ. ಉಂಡ ತಟ್ಟೆಯನ್ನು ಒರೆಸಿ ಸಿಂಕಿಗಿಡಲು, ವಾಷಿಂಗ್ ಮಷಿನ್‌ಗೆ ಪುಡಿ ಅಳೆದು ಹಾಕಲು, ತಾರಸಿಯ ಮಳೆಕೊಳವೆಯ ಜಾಲರಿ ತೆಗೆದು ತೊಳೆಯಲು ಮನೆಯ ಗಂಡಸರಿಗೂ ಬರುತ್ತದೆ. ಬರದಿದ್ದರೆ ಕಲಿಯಲು ಒಂದು ಭಾನುವಾರ ಸಾಕು.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆಗಳು ಕೆಲವೇ. ಜಲಮಂಡಳಿ ಪ್ರತಿ ಮನೆಗೆ ತಿಂಗಳಿಗೊಮ್ಮೆ ಬಿಲ್ಲು ಕೊಡುತ್ತದೆ. ಈ ಮನೆಯ ಬಳಸಿದ ನೀರು ಯಾವ ಘಟಕಕ್ಕೆ, ಅಲ್ಲಿಂದ ಯಾವ ಕೆರೆಗೆ ಹೋಗುತ್ತದೆ ಎಂದು ಅದೇ ಬಿಲ್ಲಿನಲ್ಲಿ ಒಂದು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಸೋಪಿನ ಪುಡಿಯ ಪೊಟ್ಟಣದ ಮೇಲೆ ಫಾಸ್ಫೇಟ್ ಎಷ್ಟಿದೆ, ಒಂದು ಬಕೆಟ್ಟಿಗೆ ಎಷ್ಟು ಪುಡಿ ಸಾಕು ಎಂಬುದನ್ನು ಕಡ್ಡಾಯವಾಗಿ ನಮೂದಿಸುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಲಿ. ಆರೋಗ್ಯ ಇಲಾಖೆ ಕೇರಳದ ಮಾದರಿಯಲ್ಲಿ ಔಷಧ ಅಂಗಡಿಗಳಲ್ಲಿ ಹಳೆಯ ಮಾತ್ರೆಗಳಿಗೊಂದು ಪೆಟ್ಟಿಗೆ ಇರಿಸುವುದನ್ನು ಬೆಂಗಳೂರಿನ ಒಂದೆರಡು ವಾರ್ಡುಗಳಲ್ಲಿಯಾದರೂ ಆರಂಭಿಸಲಿ. ಕೋಲಾರದ ಕೆರೆಗಳಿಗೆ ಬರುವ ನೀರಿನ ಪರೀಕ್ಷಾ ವರದಿಯನ್ನು ಪ್ರತಿ ತಿಂಗಳೂ ಆಯಾ ಗ್ರಾಮ ಪಂಚಾಯಿತಿಯ ಫಲಕದ ಮೇಲೆ, ಓದಿದರೆ ಅರ್ಥವಾಗುವ ಕನ್ನಡದಲ್ಲಿ ಹಾಕುವಂತೆ ಸಣ್ಣ ನೀರಾವರಿ ಇಲಾಖೆ ವ್ಯವಸ್ಥೆ ಮಾಡಲಿ. ಈ ಕೊನೆಯದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಅನುದಾನವೂ ಬೇಡ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಕೋಲಾರ